ನೋಡದೆ ಹೇಳಿದ ಅಂಕಿ

ಗೋದಾಮಿನಲ್ಲಿ ಆಕೆಯನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಹಾಜರಿಯಲ್ಲಿದ್ದ ಹೆಸರು ಬೇರೆ. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಕರೆದದ್ದು ತನ್ನನ್ನೇ ಎಂದು ಆಕೆಗೆ ಹೊಳೆಯಲು ಒಂದು ಗಳಿಗೆ ಬೇಕಾಗುತ್ತಿತ್ತು.

ಹೋಟೆಲು, ಹಾಸ್ಟೆಲು, ಆಸ್ಪತ್ರೆ, ಕಾರ್ಖಾನೆಯ ಕ್ಯಾಂಟೀನು, ಹೀಗೆ ದೊಡ್ಡ ಅಡುಗೆಮನೆಗಳಿಗೆ ಬೇಕಾದ ಸಾಮಾನನ್ನೆಲ್ಲ ಒಂದೇ ಸೂರಿನಡಿ ಇಟ್ಟುಕೊಂಡು ಲಾರಿಗಳಲ್ಲಿ ಮುಟ್ಟಿಸುವ ಗೋದಾಮು ಅದು. ಒಳಗೆ ಮಾಡಿನೆತ್ತರಕ್ಕೆ ಕಬ್ಬಿಣದ ರ‍್ಯಾಕುಗಳು. ರ‍್ಯಾಕುಗಳ ನಡುವೆ ಸಾಲು, ಸಾಲಿನ ಎರಡೂ ಬದಿಗೆ ಗೂಡು. ಒಂದು ಗೂಡಿನಲ್ಲಿ ಅಕ್ಕಿ, ಇನ್ನೊಂದರಲ್ಲಿ ಎಣ್ಣೆ ಡಬ್ಬ, ಮತ್ತೊಂದರಲ್ಲಿ ಪಾತ್ರೆ ತೊಳೆಯುವ ಸೋಪು. ಗಿಣಿ ಮತ್ತು ಅವಳಂಥವರು ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಗಾಡಿ ಎಳೆದುಕೊಂಡು ಈ ಸಾಲುಗಳಲ್ಲಿ ನಡೆಯುತ್ತಾರೆ. ಏನು ತೆಗೆಯಬೇಕೆಂದು ಮೆಶೀನು ಅವರ ಕಿವಿಯಲ್ಲಿ ಹೇಳುತ್ತದೆ.

"ಸಾಲು ಹದಿನಾಲ್ಕು. ಗೂಡು ಮೂವತ್ತೆಂಟು."

ಅಲ್ಲಿಗೆ ಹೋದರೆ ಗೂಡಿನ ಹಣೆಗೆ ಒಂದು ಫಲಕ, ಅದರ ಮೇಲೆ ಎರಡು ಅಂಕಿ. ಗೂಡಿನ ಸಂಖ್ಯೆಗೂ ಈ ಅಂಕಿಗೂ ಸಂಬಂಧವಿಲ್ಲ; ಮೆಶೀನು ಮನಸ್ಸಿಗೆ ಬಂದಂತೆ ಹಂಚಿದ್ದು. ಕೆಲಸಗಾರರು ಅದನ್ನು ನೋಡಿ ಬಾಯಿಬಿಟ್ಟು ಹೇಳಬೇಕು. ಸರಿ ಇದ್ದರೆ ಎಷ್ಟು ತೆಗೆಯಬೇಕೆಂಬುದು ಕಿವಿಗೆ ಬೀಳುತ್ತದೆ. ಇಲ್ಲದಿದ್ದರೆ, "ತಪ್ಪು. ಮತ್ತೆ ಹೇಳಿ." ಆ ಅಂಕಿಗೆ ಇರುವ ಕೆಲಸ ಅದೊಂದೇ: ಹೇಳಿದವರು ಆ ಗೂಡಿನ ಮುಂದೆಯೇ ನಿಂತು ಕಣ್ಣಾರೆ ನೋಡಿದ್ದಾರೆ ಎಂಬುದಕ್ಕೆ ಸಾಕ್ಷಿ.

ಗಿಣಿ ನೋಡುತ್ತಿರಲಿಲ್ಲ. ಅವಳಿಗೆ ಎಲ್ಲ ಅಂಕಿಗಳೂ ಬಾಯಿಪಾಠವಾಗಿದ್ದವು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಕೆ ಇಡೀ ವಿಭಾಗಕ್ಕೇ ನಿಧಾನಿ. "ತಪ್ಪು, ಮತ್ತೆ ಹೇಳಿ" ಎಂಬ ಮಾತು ಕನಸಿನಲ್ಲೂ ಬರುತ್ತಿತ್ತು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಅದನ್ನು ಕೇಳಿ ನಕ್ಕಿದ್ದ: "ಮದುವೆಯಾದ ಮೇಲೆ ನಾನು ಒಂದೇ ಒಂದು ಸಲ ನಿನಗೆ ತಪ್ಪು ಅಂದಿದ್ದು. ಆಮೇಲೆ ಧೈರ್ಯ ಬಂದಿಲ್ಲ. ಆ ಮೆಶೀನಿನ ಗುಂಡಿಗೆ ಮೆಚ್ಚಬೇಕು ಕಣೆ." ನಗುವ ಪರಿಸ್ಥಿತಿ ಮನೆಯಲ್ಲಿ ಇರಲಿಲ್ಲ. ಅದೇ ವರ್ಷ ಅತ್ತೆಯ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಮಧ್ಯಾಹ್ನದ ಮೇಲೆ ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ದು, ರಕ್ತ ಶುದ್ಧಿಯಾಗುವವರೆಗೂ ಕೂತು, ಕರೆತರಬೇಕು. ಮನೆಯಲ್ಲಿ ಆ ಹೊತ್ತಿಗೆ ಬಿಡುವಾಗಬಲ್ಲವಳು ಗಿಣಿ ಒಬ್ಬಳೇ, ಅದೂ ಆಕೆಗೆ ಬೆಳಗಿನ ಪಾಳಿ ಸಿಕ್ಕರೆ. ಗೋದಾಮಿನಲ್ಲಿ ಪಾಳಿ ಆರಿಸಿಕೊಳ್ಳುವ ಹಕ್ಕು ವೇಗದಲ್ಲಿ ಮುಂದಿರುವವರದು. ಉಳಿದವರಿಗೆ ಮಿಕ್ಕಿದ್ದು.

ಹಾಗಾಗಿ ಅಂಕಿಗಳನ್ನು ಉರುಹೊಡೆದಳು. ಬಟ್ಟೆ ಒಗೆಯುತ್ತ ಒಂದು ಸಾಲು, ತರಕಾರಿ ಹೆಚ್ಚುತ್ತ ಒಂದು ಸಾಲು. ಅತ್ತೆ ಹಾಸಿಗೆಯಲ್ಲಿ ಮಲಗಿಕೊಂಡೇ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು. "ಒಂಬತ್ತನೇ ಸಾಲು, ಹನ್ನೆರಡು?" "ಮೂರು, ಐದು." "ಸರಿಯಾಗಿದೆಯೋ ಇಲ್ಲವೋ ನನಗೇನು ಗೊತ್ತು, ಆದರೂ ಜೋರಾಗಿ ಹೇಳಿದೆ, ಪಾಸು." ಕೆಲವು ತಿಂಗಳಲ್ಲಿ ಗಿಣಿ ಗೂಡು ಮುಟ್ಟುವ ಎಷ್ಟೋ ಮೊದಲೇ ಅಂಕಿ ಹೇಳಿ, ಎಷ್ಟು ಬೇಕೆಂದು ಕೇಳಿಸಿಕೊಂಡು, ಕೈ ಚಾಚಿಯೇ ಬರುವಂತಾದಳು. ಮೆಶೀನು ಮಾತು ಮುಗಿಸುವ ಮೊದಲೇ ಉತ್ತರ ಕೊಡುತ್ತಾಳೆಂದು ಗಿಣಿ ಎಂಬ ಹೆಸರು ಬಿತ್ತು. ಹೆಸರಿನ ಜೊತೆಗೆ ಬೆಳಗಿನ ಪಾಳಿಯೂ ಬಂತು.

ಹಾಗೆ ಹೇಳುವುದು ನಿಯಮಕ್ಕೆ ವಿರುದ್ಧ. ತರಬೇತಿಯ ಮೊದಲ ದಿನವೇ ಅದನ್ನು ಎರಡು ಸಲ ಹೇಳುತ್ತಾರೆ. ಹಳಬರಲ್ಲಿ ಬಹುತೇಕರು ಹಾಗೇ ಮಾಡುತ್ತಿದ್ದರು. ಸೂಪರ್‌ವೈಸರ್‌ಗೆ ಅದು ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂಬುದು ಕೆಲಸಗಾರರಿಗೆ ಗೊತ್ತಿತ್ತು. ಗೋಡೆಯ ಮೇಲಿನ ಪರದೆಯಲ್ಲಿ ಅವರ ವಿಭಾಗ ಮೊದಲ ಸ್ಥಾನದಲ್ಲಿ ಇರುವವರೆಗೆ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಆಕೆ ಕಟ್ಟಿದ ಮೊದಲ ಲೋಡು ಒಂದು ಆಸ್ಪತ್ರೆಯದು. ಮೂತ್ರಪಿಂಡದ ರೋಗಿಗಳಿಗೆಂದೇ ಇರುವ ಆಸ್ಪತ್ರೆ. ಅತ್ತೆ ಹೋಗುವುದಲ್ಲ, ಊರಿನ ಇನ್ನೊಂದು ಕೊನೆಯದು. ಅಕ್ಕಿ, ಬೇಳೆ, ಎಣ್ಣೆ, ಕೊನೆಗೆ ನಾಲ್ಕು ಚೀಲ ಉಪ್ಪು. ಅವರ ಉಗ್ರಾಣದಲ್ಲಿ ಉಪ್ಪು ತಳ ಕಂಡಿದೆ, ಮೊದಲು ಅಲ್ಲಿಗೇ ಮುಟ್ಟಿಸಬೇಕು ಎಂದು ಹಿಂದಿನ ದಿನವೇ ಹೇಳಿಕಳಿಸಿದ್ದರು.

ಆ ಲಾರಿಯ ಚಾಲಕನನ್ನು ಎಲ್ಲರೂ ಮೆಲ್ಲಣ್ಣ ಎನ್ನುತ್ತಿದ್ದರು. ಗೇರು ಬದಲಿಸುವ ಮುಂಚೆ ಗೇರಿನ ಒಪ್ಪಿಗೆ ಕೇಳುವಷ್ಟು ನಿಧಾನದ ಮನುಷ್ಯ. ಲೋಡು ಒಪ್ಪಿಸುವಾಗ ಗಿಣಿ ಸುಮ್ಮನಿರಲಿಲ್ಲ.

"ಅಣ್ಣಾ, ಸ್ವಲ್ಪ ಬೇಗ ಹೋಗಿ. ನೀವು ಮುಟ್ಟೋ ಹೊತ್ತಿಗೆ ರೋಗಿಗಳೆಲ್ಲ ವಾಸಿಯಾಗಿ ಮನೆಗೆ ಹೋಗಿರ್ತಾರೆ."

"ಹೋದರೆ ಒಳ್ಳೇದೇ ಅಲ್ವಾ ತಂಗಿ? ನಾನು ನಿಧಾನವಾಗಿ ಹೋದಷ್ಟೂ ಜನಕ್ಕೆ ಆರೋಗ್ಯ," ಎಂದು ಮೆಲ್ಲಣ್ಣ ಬಾಗಿಲು ಎಳೆದುಕೊಂಡ.

ಹತ್ತರ ಚಹಾ ಮುಗಿದ ಸ್ವಲ್ಪ ಹೊತ್ತಿಗೆ ಮೆಶೀನು ಮತ್ತೆ ಗಿಣಿಯನ್ನು ಉಪ್ಪಿಗೆ ಕಳಿಸಿತು. ಈ ಸಲ ಒಂದು ಹಾಸ್ಟೆಲಿಗೆ. "ಸಾಲು ಹದಿನಾಲ್ಕು. ಗೂಡು ಮೂವತ್ತೆಂಟು." "ಏಳು, ಒಂಬತ್ತು," ಎಂದು ಆಕೆ ಸಾಲಿನ ತಿರುವಿನಲ್ಲೇ ಹೇಳಿ ಮುಗಿಸಿದಳು. "ಆರು ತೆಗೆಯಿರಿ," ಎಂದಿತು ಮೆಶೀನು. ಸಾಲಿನ ನಡುವೆ ಫೋರ್ಕ್‌ಲಿಫ್ಟ್ ಒಂದು ಮೇಲಿನ ರ‍್ಯಾಕಿನಿಂದ ಸಾಮಾನು ಇಳಿಸುತ್ತಿತ್ತು. ಅದು ದಾರಿ ಬಿಡುವವರೆಗೆ ಆಕೆ ಗೂಡಿನ ಎದುರು ನಿಲ್ಲಬೇಕಾಯಿತು. ಮಾಡಲು ಬೇರೇನೂ ಇಲ್ಲದ್ದರಿಂದ ಎದುರಿಗಿದ್ದುದನ್ನು ನೋಡಿದಳು.

ಮೂವತ್ತೆಂಟರಲ್ಲಿ ಉಪ್ಪಿನ ಚೀಲಗಳನ್ನು ಆಳೆತ್ತರಕ್ಕೆ ಜೋಡಿಸಿದ್ದರು. ಹೊಸ ಸರಕು. ಸುತ್ತ ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು, ಒಂದು ಗೀರೂ ಇರಲಿಲ್ಲ. ಚಾಕು ತೆಗೆದು ಕೊಯ್ಯಬೇಕು ಎಂದುಕೊಂಡು ಸೊಂಟಕ್ಕೆ ಕೈಹಾಕಿದಳು. ಕೈ ಅಲ್ಲೇ ನಿಂತಿತು.

ಬೆಳಿಗ್ಗೆ ತಾನು ಚಾಕು ತೆಗೆದಿರಲಿಲ್ಲ.

ಹಾಳೆ ಕೊಯ್ಯದೆ ಈ ಗೂಡಿನಿಂದ ಒಂದು ಚೀಲವನ್ನೂ ಎಳೆಯಲಾಗದು. ಹಾಗಾದರೆ ಬೆಳಗಿನ ನಾಲ್ಕು ಚೀಲ ಎಲ್ಲಿಂದ ಬಂದವು? ತಲೆ ಪಕ್ಕಕ್ಕೆ ತಿರುಗಿತು. ಮೂವತ್ತಾರನೇ ಗೂಡು. ಅಲ್ಲೂ ಬಿಳಿ ಚೀಲ, ಅದೇ ಕಂಪನಿ, ಅದೇ ಅಕ್ಷರ. ಇಲ್ಲಿ ನೀಲಿ ಪಟ್ಟಿಯಿದ್ದ ಕಡೆ ಅಲ್ಲಿ ಹಸಿರು ಪಟ್ಟಿ, ಮೂಲೆಯಲ್ಲಿ ಒಂದು ಪುಟ್ಟ ಹೃದಯದ ಚಿತ್ರ. ದಿನಾಂಕ ಪರೀಕ್ಷಿಸುವವರು ಯಾರೋ ಹಾಳೆ ಕೊಯ್ದು ಹಾಗೇ ಬಿಟ್ಟು ಹೋಗಿದ್ದರು. ಮೇಲಿನ ವರಸೆಯಲ್ಲಿ ನಾಲ್ಕು ಚೀಲದ ಜಾಗ ಖಾಲಿ ಇತ್ತು.

ಆದದ್ದು ಇಷ್ಟೆ. ಮಾಮೂಲಿ ಉಪ್ಪಿನ ರಾಶಿ ಯಾವಾಗಲೂ ಬಿಚ್ಚಿರುತ್ತದೆ, ಅದು ದಿನವೂ ಖರ್ಚಾಗುವ ಸಾಮಾನು. ಹಸಿರು ಪಟ್ಟಿಯದು ಅಪರೂಪಕ್ಕೆ ಹೋಗುವಂಥದ್ದು, ಸದಾ ಸುತ್ತಿಯೇ ಇರುತ್ತದೆ. ಅವತ್ತು ಅದು ತಿರುವುಮುರುವಾಗಿತ್ತು. ಗಿಣಿಯ ಬಾಯಿ ಮೂವತ್ತೆಂಟರ ಅಂಕಿ ಹೇಳಿತು, ಕೈ ಬಿಚ್ಚಿದ ರಾಶಿಯನ್ನು ಹುಡುಕಿಕೊಂಡಿತು.

ಹಸಿರು ಪಟ್ಟಿಯ ಚೀಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯ ಕಾಯಿಲೆಯ ಮೊದಲ ತಿಂಗಳು ಗಂಡ ಅದೇ ಉಪ್ಪಿನ ಪೊಟ್ಟಣವೊಂದನ್ನು ಹೆಮ್ಮೆಯಿಂದ ತಂದಿದ್ದ. ಸೋಡಿಯಂ ಕಡಿಮೆ, ಹೃದಯಕ್ಕೆ ಒಳ್ಳೆಯದು. ಆಸ್ಪತ್ರೆಯಲ್ಲಿ ಮಾತಿನ ನಡುವೆ ಅದರ ಸುದ್ದಿ ಬಂದಾಗ ನರ್ಸು ಕೈಯಲ್ಲಿದ್ದ ಸೂಜಿ ಕೆಳಗಿಟ್ಟು ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಸೋಡಿಯಂ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಶಿಯಂ ಹಾಕಿರುತ್ತಾರೆ. ಆರೋಗ್ಯವಂತರು ತಿಂದರೆ ದೇಹ ಅದನ್ನು ಹೊರಗೆ ಹಾಕುತ್ತದೆ. ಮೂತ್ರಪಿಂಡ ಕೆಲಸ ಮಾಡದವರಲ್ಲಿ ಅದು ರಕ್ತದಲ್ಲೇ ಉಳಿಯುತ್ತದೆ, ಮಿತಿ ಮೀರಿದರೆ ಹೃದಯ ಬಡಿತ ತಪ್ಪುತ್ತದೆ. ಒಂದು ಊಟಕ್ಕೆ ಏನೂ ಆಗದಿರಬಹುದು, ಆಗಲೂಬಹುದು. ಯಾರಿಗೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹನ್ನೆರಡಕ್ಕೆ ಊಟ.

ಗಿಣಿ ಗಾಡಿಯನ್ನು ಸಾಲಿನ ನಡುವೆಯೇ ಬಿಟ್ಟು ಓಡಿದಳು. ಹೆಡ್‌ಸೆಟ್ ಕುತ್ತಿಗೆಗೆ ಜಾರಿತು. "ಆರು ತೆಗೆಯಿರಿ," ಎನ್ನುತ್ತಲೇ ಇತ್ತು ಅದು.

ಸೂಪರ್‌ವೈಸರ್ ಕಂಪ್ಯೂಟರಿನಲ್ಲಿ ಆ ಲೋಡನ್ನು ತೆಗೆದು ನೋಡಿದರು. ಎಲ್ಲ ಸಾಲಿನ ಮುಂದೂ ಹಸಿರು ಗುರುತು.

"ಮೂವತ್ತೆಂಟು, ಏಳು-ಒಂಬತ್ತು, ನಾಲ್ಕು ಚೀಲ. ಸರಿಯಾಗೇ ಹೋಗಿದೆಯಲ್ಲಮ್ಮ."

"ಇಲ್ಲ ಸರ್. ಮೂವತ್ತಾರರದ್ದು ಹೋಗಿದೆ. ಬನ್ನಿ, ಹಾಳೆ ನೋಡಿ."

ಅವರು ಬಂದು ನೋಡಿದರು. ಬಗ್ಗಿ ಹಸಿರು ಪಟ್ಟಿ ಓದಿ, ನಿಟ್ಟುಸಿರುಬಿಟ್ಟು ಎದ್ದರು. "ಅಬ್ಬ, ನಾನೇನೋ ಅಂದುಕೊಂಡೆ. ಇದು ಮಾಮೂಲಿಗಿಂತ ಮೇಲಿನ ಉಪ್ಪು ಕಣಮ್ಮ. ಅವರಿಗೇನು ನಷ್ಟ? ಖುಷಿಯಾಗಿ ಇಟ್ಕೋತಾರೆ."

"ಸರ್, ಅವರೆಲ್ಲ ಕಿಡ್ನಿ ಹೋದವರು. ಇದನ್ನ ತಿಂದರೆ ಎದೆ ನಿಲ್ಲಬಹುದು."

ಒಂದು ಕ್ಷಣ ಅವರ ಮುಖದ ಬಣ್ಣ ಬದಲಾಯಿತು. ಅವರು ಕೆಟ್ಟ ಮನುಷ್ಯರಲ್ಲ. ಗಿಣಿಯೇ ಇಂದಿಗೂ ಹಾಗೆ ಹೇಳುತ್ತಾಳೆ. ಆದರೆ ಹದಿನೈದು ಜನರ ವೇಗ ಅವರ ತಲೆಯ ಮೇಲಿತ್ತು. ದನಿ ಇಳಿಸಿ ಕೇಳಿದರು: "ಫಲಕ ಅದಲುಬದಲಾಗಿತ್ತು ಅಂತ ಹಾಕೋಣವಾ? ಯಾರ ಮೇಲೂ ಬರಲ್ಲ. ನಾನು ಬರೆದು ಮೇಲಿನವರ ಸಹಿ ತಗೊಂಡು ಬರ್ತೀನಿ."

"ಅದಕ್ಕೆ ಎಷ್ಟು ಹೊತ್ತು?"

"ಊಟದ ಹೊತ್ತಿಗೆ ಆಗಬಹುದು."

"ಯಾರ ಊಟದ ಹೊತ್ತಿಗೆ ಸರ್?" ಎಂದು ಕೇಳಿ ಗಿಣಿ ಉತ್ತರಕ್ಕೆ ಕಾಯದೆ ರವಾನೆ ವಿಭಾಗದ ಕಡೆ ನಡೆದಳು.

ಲಾರಿಗಳ ಓಡಾಟ ನೋಡಿಕೊಳ್ಳುವ ಆ ಗಾಜಿನ ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದರು. ಎಲ್ಲರಿಗೂ ಅವರು ಅಕ್ಕ. ಗಿಣಿ ಹೇಳಿದ್ದನ್ನು ಕೇಳಿ ಮೊದಲು ಮೆಲ್ಲಣ್ಣನಿಗೆ ಫೋನ್ ಹಚ್ಚಿದರು. ರಿಂಗಾಗಿ ನಿಂತಿತು. ಲಾರಿ ಓಡುವಾಗ ಚಾಲಕರ ಫೋನು ಬೀಗ ಹಾಕಿದ ಡಬ್ಬಿಯಲ್ಲಿ ಇರಬೇಕು, ಅದು ಕಂಪನಿಯ ನಿಯಮ. ಮೆಲ್ಲಣ್ಣ ನಿಯಮ ಮೀರುವವನಲ್ಲ.

ಆಸ್ಪತ್ರೆಯ ಅಡುಗೆಮನೆಯ ಫೋನನ್ನು ಯಾರೂ ಎತ್ತಲಿಲ್ಲ. ಮುಖ್ಯ ನಂಬರಿಗೆ ಮಾಡಿದಾಗ ಒಂದು ಎಳೆಯ ದನಿ ಸಿಕ್ಕಿತು.

"ಮೇಡಂ, ಉಪ್ಪಿನ ವಿಷಯ. ಬೆಳಿಗ್ಗೆ ಬಂದ ಉಪ್ಪು..." ಎಂದು ಅಕ್ಕ ಶುರುಮಾಡಿದರು.

"ಉಪ್ಪಿನ ಕಂಪನಿಯವರಾ? ಸೇಲ್ಸ್‌ನವರು ಮೂರು ಗಂಟೆ ಮೇಲೆ ಮಾಡಬೇಕು."

"ಸೇಲ್ಸ್ ಅಲ್ಲಮ್ಮ, ತಪ್ಪು ಉಪ್ಪು ಬಂದಿದೆ, ರೋಗಿಗಳಿಗೆ..."

"ಅಡುಗೆಮನೆಗೆ ಕೊಡ್ತೀನಿ, ಲೈನಲ್ಲಿರಿ." ಮತ್ತೆ ಯಾರೂ ಎತ್ತದ ಅದೇ ಫೋನು, ಅದೇ ರಿಂಗು.

ಉಳಿದ ದಾರಿ ಒಂದೇ. ಲಾರಿಯ ಮುಂಭಾಗದಲ್ಲಿ ಒಂದು ಪುಟ್ಟ ಪರದೆ ಇರುತ್ತದೆ. ರವಾನೆ ವಿಭಾಗದಿಂದ 'ವಾಪಸು' ಎಂಬ ಆದೇಶ ಹೋದರೆ ಅದು ಕೆಂಪಗೆ ಮಿನುಗಿ ಕಿರುಚತೊಡಗುತ್ತದೆ. ಚಾಲಕ ಗಾಡಿ ನಿಲ್ಲಿಸಿ ಫೋನ್ ತೆಗೆಯಲೇಬೇಕು. ಆದರೆ ಮುಟ್ಟಿಸಿ ಸಹಿಯಾದ ಸಾಮಾನನ್ನು ವಾಪಸು ಕರೆಯಲು ಕಂಪ್ಯೂಟರಿಗೆ ಕಾರಣ ಬೇಕು. ಅಕ್ಕ ಆದೇಶ ಒತ್ತಿದರು. ಪರದೆ ಒಪ್ಪಲಿಲ್ಲ. ಅಂಕಿ ಸರಿಯಾಗಿದೆ, ತಪ್ಪು ಕಂಡುಬಂದಿಲ್ಲ ಎಂದಿತು.

ಅಕ್ಕ ಕುರ್ಚಿ ತಿರುಗಿಸಿದರು. "ನೋಡು, ನೀನು ಅಲ್ಲೇ ನಿಂತು ಅಂಕಿ ನೋಡಿ ಹೇಳಿದ್ದೀಯ ಅಂತ ಇದರಲ್ಲಿ ದಾಖಲಾಗಿದೆ. ಹಾಗೆ ಇರೋವರೆಗೂ ಮೆಶೀನಿನ ಪ್ರಕಾರ ತಪ್ಪೇ ಆಗಿಲ್ಲ. ಚೀಲ ತೆಗೆದವಳು ನೀನೇ ಬಾಯಿಬಿಟ್ಟು ತಪ್ಪಾಗಿದೆ ಅನ್ನಬೇಕು. ಅಂದರೆ ಇದು ನೇರ ಮೇಲಿನ ಕಚೇರಿಗೆ ಹೋಗುತ್ತೆ, ಆಮೇಲೆ ನಾನಾಗಲಿ ಇವರಾಗಲಿ ಅಳಿಸೋಕೆ ಆಗಲ್ಲ. ಕಾರಣ ಏನು ಹಾಕಲಿ?"

ಹಿಂದೆಯೇ ಬಂದಿದ್ದ ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದರು. "ಸ್ವಲ್ಪ ಯೋಚನೆ ಮಾಡಮ್ಮ. ಪಾಳಿ ಹೋಗುತ್ತೆ. ನಿಮ್ಮ ಅತ್ತೆ..."

ಗಿಣಿಗೆ ಅದು ಹೊಳೆದಿರಲಿಲ್ಲವೆಂದಲ್ಲ. ಮೂವತ್ತೆಂಟನೇ ಗೂಡಿನ ಮುಂದೆ ನಿಂತಾಗಲೇ ಹೊಳೆದಿತ್ತು. ವೇಗಕ್ಕೆ ಪಾಳಿ, ಪಾಳಿಗೆ ಡಯಾಲಿಸಿಸ್. ನೋಡದೆ ಹೇಳಿದೆ ಎಂದರೆ ಆ ವೇಗವೇ ಸುಳ್ಳಾಗುತ್ತದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು.

"ನೋಡದೆ ಹೇಳಿದೆ ಅಂತ ಹಾಕಿ ಅಕ್ಕ," ಎಂದಳು.

ಅಕ್ಕ ಬೆರಳಾಡಿಸಿದರು. ಪರದೆಯ ಮೇಲೆ ಲಾರಿಯ ಗುರುತು ಹಸಿರಿನಿಂದ ಕೆಂಪಾಯಿತು. ಮೂವರೂ ಅದನ್ನೇ ನೋಡುತ್ತ ನಿಂತರು. ಕೆಂಪು ಚುಕ್ಕೆ ಮೆಲ್ಲಗೆ ಸರಿಯುತ್ತಲೇ ಇತ್ತು. ಒಂದು ವೃತ್ತ ದಾಟಿತು, ಒಂದು ಸೇತುವೆ ದಾಟಿತು. ಆಮೇಲೆ ನಿಂತಿತು. ಅಕ್ಕನ ಫೋನು ಹೊಡೆದುಕೊಂಡಿತು.

"ಏನಕ್ಕ, ಗಾಡಿ ಹೀಗೆ ಬೊಬ್ಬೆ ಹೊಡೀತಿದೆ? ನಾನೇನು ಮಾಡಿದೆ?"

"ಅಣ್ಣಾ," ಎಂದು ಗಿಣಿ ಫೋನಿಗೆ ಬಾಗಿದಳು. "ಆಸ್ಪತ್ರೆಗೆ ಕೊಟ್ಟ ಉಪ್ಪು ತಪ್ಪು ಉಪ್ಪು. ವಿಷ ಅಂತಲೇ ತಿಳ್ಕೊಳ್ಳಿ. ವಾಪಸು ಹೋಗಿ. ಫೋನ್ ಆರಿಸಬೇಡಿ, ಜೇಬಲ್ಲಿ ಇಟ್ಕೊಳ್ಳಿ."

ಎಂಜಿನ್ ಅಬ್ಬರಿಸಿದ ಸದ್ದು ಕೇಳಿತು. ಆ ಲಾರಿಯಿಂದ ಅಂಥ ಸದ್ದು ಬರುತ್ತದೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಾರನ್ನು, ಯಾರದೋ ಬೈಗುಳ, ಅದಕ್ಕೆ ಮೆಲ್ಲಣ್ಣ ಕೊಟ್ಟ ಅದಕ್ಕಿಂತ ದೊಡ್ಡ ಬೈಗುಳ. ಅಕ್ಕ ಇನ್ನೊಂದು ಫೋನಿನಲ್ಲಿ ಅಡುಗೆಮನೆಯ ನಂಬರನ್ನು ಒತ್ತುತ್ತಲೇ ಇದ್ದರು. ಗಿಣಿಯ ಕುತ್ತಿಗೆಯಲ್ಲಿ ಹೆಡ್‌ಸೆಟ್ ಸಣ್ಣ ದನಿಯಲ್ಲಿ ಅದೇ ಆರು ಚೀಲ ಕೇಳುತ್ತಿತ್ತು. ಸೂಪರ್‌ವೈಸರ್ ಮುಂದೆ ಬಂದು ಅದರ ತಂತಿ ಕಿತ್ತರು.

ಕೊನೆಗೂ ಮೆಲ್ಲಣ್ಣನ ಜೇಬಿನ ಫೋನಿನಲ್ಲಿ ಅಡುಗೆಮನೆಯ ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಒಂದು ದಪ್ಪ ಹೆಣ್ಣುದನಿ. ಆ ಅಡುಗೆಮನೆಯ ಯಜಮಾನಿಯನ್ನು ಮೆಲ್ಲಣ್ಣ ದೊಡ್ಡಮ್ಮ ಎನ್ನುತ್ತಿದ್ದ.

"ಏನಪ್ಪಾ, ಏನು ಮರೆತು ಹೋದೆ?"

"ದೊಡ್ಡಮ್ಮಾ, ಉಪ್ಪು. ಬೆಳಿಗ್ಗೆ ಕೊಟ್ಟ ಉಪ್ಪು ಬಳಸಬೇಡಿ."

"ಯಾಕೆ? ಒಳ್ಳೆ ಉಪ್ಪು ಕೊಟ್ಟಿದ್ದೀಯ, ಹೃದಯದ ಚಿತ್ರ ಬೇರೆ ಇದೆ. ಡಬ್ಬಕ್ಕೆ ಸುರಿದಾಯ್ತು, ಸೂಪಿಗೂ ಹಾಕಾಯ್ತು. ಆದರೆ ಏನು ಉಪ್ಪೋ ಮಾರಾಯ, ಹಾಕಿದರೂ ಸಪ್ಪೆ. ಇನ್ನೊಂದು ಸಲ ಹಾಕಿದೆ."

ಗಾಜಿನ ಕೋಣೆಯಲ್ಲಿ ಗಿಣಿ ಕಣ್ಣು ಮುಚ್ಚಿಕೊಂಡಳು. ಪೊಟ್ಯಾಶಿಯಂ ಬೆರೆತ ಉಪ್ಪು ನಾಲಿಗೆಗೆ ಸಪ್ಪೆ. ಹಾಗಾಗಿ ಎರಡು ಪಾಲು ಬಿದ್ದಿದೆ.

"ಚೆಲ್ಲಿಬಿಡಿ ದೊಡ್ಡಮ್ಮಾ."

"ಏನು ಮಾತು ಅಂತ ಆಡ್ತೀಯ? ಅಷ್ಟು ಜನದ ಊಟ ಚೆಲ್ಲೋಕೆ ನಿನ್ನ ಮಾತೇ ಸಾಕಾ? ನೀನೇನು ಡಾಕ್ಟರಾ?"

"ಫೋನ್ ಕೊಡಿ ಅಣ್ಣ ಅವರಿಗೆ," ಎಂದು ಗಿಣಿ ಕೂಗಿದಳು. ಫೋನು ಕೈಬದಲಾದ ಸದ್ದು. "ದೊಡ್ಡಮ್ಮ, ನಾನು ಗೋದಾಮಿನವಳು. ತಪ್ಪು ನನ್ನದು. ಮಾಮೂಲಿ ಉಪ್ಪಿನ ಬದಲು ಪೊಟ್ಯಾಶಿಯಂ ಇರೋದನ್ನ ಕಳಿಸಿದ್ದೀನಿ. ನಮ್ಮತ್ತೆಯೂ ಡಯಾಲಿಸಿಸ್‌ನಲ್ಲಿ ಇದ್ದಾರೆ. ಚೀಲದ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತೆ, ನಿಮ್ಮ ನರ್ಸಿಗೆ ತೋರಿಸಿ."

ಆ ಕಡೆ ಚೀಲ ಎಳೆದ, ಕೊಡವಿದ ಸದ್ದು. ಪೊಟ್ಯಾಶಿಯಂ ಎಂಬ ಮಾತನ್ನು ಆ ಅಡುಗೆಮನೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ; ಯಾವ ಹಣ್ಣು ಕೊಡಬಾರದು, ಯಾವ ತರಕಾರಿಯ ನೀರು ಬಸಿಯಬೇಕು ಎಂಬ ಚೀಟಿ ಅವರ ಗೋಡೆಯ ತುಂಬ ಇತ್ತು. ಆಮೇಲೆ ದೊಡ್ಡಮ್ಮನ ದನಿ, ಈ ಸಲ ಬೇರೆಯದೇ: "ಅಯ್ಯೋ. ಗಾಡಿ ಮೇಲೆ ಹೋಯ್ತಲ್ಲೋ. ಲಿಫ್ಟಲ್ಲಿ ಹೋಗಿ ಐದು ನಿಮಿಷ ಆಯ್ತು."

"ಎಷ್ಟನೇ ಮಹಡಿ?" ಮೆಲ್ಲಣ್ಣನ ಪ್ರಶ್ನೆ.

"ಮೂರು!"

ಆಮೇಲೆ ಫೋನಿನಲ್ಲಿ ಕೇಳಿಸಿದ್ದು ಬರೀ ಮೆಟ್ಟಿಲು. ಭಾರವಾದ ಬೂಟುಗಳ ಸದ್ದು, ಕಿತ್ತುಬರುವ ಉಸಿರು, ಎಲ್ಲೋ ಎಡವಿ ಕಂಬಿ ಹಿಡಿದುಕೊಂಡ ಠಣ್ ಎಂಬ ಸದ್ದು. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಒಂದು ಬಾಗಿಲು ಗೋಡೆಗೆ ಬಡಿಯಿತು.

"ತಿನ್ನಬೇಡಿ! ಯಾರೂ ತಿನ್ನಬೇಡಿ!"

ಮೂರನೇ ಮಹಡಿಯ ವಾರ್ಡಿನಲ್ಲಿ ಏನಾಯಿತೆಂದು ಆಮೇಲೆ ಅಲ್ಲಿದ್ದ ನರ್ಸು ಹೇಳಿದ್ದಿಷ್ಟು: ಬೆವರಿನಲ್ಲಿ ತೊಯ್ದ ಯಾರೋ ಒಬ್ಬ ಒಳಗೆ ನುಗ್ಗಿ, ಕಿಟಕಿ ಪಕ್ಕದ ಹೆಂಗಸಿನ ಕೈಯಿಂದ ಸೂಪಿನ ಬಟ್ಟಲು ಕಿತ್ತುಕೊಂಡ. ಹುಚ್ಚನೆಂದುಕೊಂಡು ಅವರು ಕಾವಲುಗಾರನನ್ನು ಕೂಗಲು ಹೋದರು. ಅಷ್ಟರಲ್ಲಿ ಅವನು ಫೋನನ್ನು ಅವರ ಮುಖಕ್ಕೆ ಹಿಡಿದ. ಗಿಣಿ ಅದೇ ನಾಲ್ಕು ಮಾತು ಮತ್ತೆ ಹೇಳಿದಳು. ಬಟ್ಟಲುಗಳೆಲ್ಲ ಗಾಡಿಗೆ ವಾಪಸು ಹೋದವು. ಹೆಚ್ಚಿನವರು ಇನ್ನೂ ಬಾಯಿಗಿಟ್ಟಿರಲಿಲ್ಲ. ಒಬ್ಬರು ಒಂದು ಚಮಚ ತಿಂದು, ಕಹಿಯೆಂದು ದೂಡಿದ್ದರು.

ಕಿಟಕಿ ಪಕ್ಕದ ಹೆಂಗಸು ಮಾತ್ರ ಹಸಿದಿದ್ದರು. ಗಾಡಿ ಮೊದಲು ನಿಂತದ್ದು ಅವರ ಬಳಿ; ಅದು ಅವರ ಎರಡನೆಯ ಬಟ್ಟಲು.

ಅವರ ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು. ಮರುದಿನ ಬೆಳಿಗ್ಗೆ ಆಗಬೇಕಿದ್ದ ಡಯಾಲಿಸಿಸನ್ನು ಆಗಲೇ ಶುರುಮಾಡಿದರು. ಪೊಟ್ಯಾಶಿಯಂ ಏರಿದೆ, ಇಳಿಯುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನು ಮೆಲ್ಲಣ್ಣ ಹಾಗೇ ಫೋನಿನಲ್ಲಿ ಒಪ್ಪಿಸಿದ. ಉಳಿದ ಲೋಡು ಲಾರಿಯಲ್ಲೇ ಇತ್ತು. ಅದನ್ನು ಬೇರೆ ಚಾಲಕನಿಗೆ ವಹಿಸಿ ನೀವು ಬನ್ನಿ ಎಂದು ಅಕ್ಕ ಹೇಳಿದರು. "ಲಾರಿ ಬೇಕಾದರೆ ತಗೊಂಡು ಹೋಗಲಿ. ನಾನು ಇಲ್ಲೇ ಕೂರ್ತೀನಿ. ಬಟ್ಟಲು ಕಿತ್ತುಕೊಂಡವನು ನಾನು, ಹೇಗಿದ್ದಾರೆ ಅಂತ ನೋಡದೆ ಹೋಗೋದು ಹೇಗೆ?" ಎಂದ.

ಗಿಣಿಯ ಹೆಡ್‌ಸೆಟ್ಟನ್ನು ಸೂಪರ್‌ವೈಸರ್ ವಾಪಸು ಕೊಡಲಿಲ್ಲ. ಮನೆಗೆ ಹೋಗು, ಕರೆದಾಗ ಬಾ ಎಂದರು. ಆಕೆ ಹದಿನಾಲ್ಕನೇ ಸಾಲಿಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಗಾಡಿಯನ್ನು ಬದಿಗೆ ನಿಲ್ಲಿಸಿ, ಮನೆಗೆ ನಡೆದಳು.

ಅತ್ತೆ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಸೊಸೆ ಹೊತ್ತಿಗೆ ಮುಂಚೆ ಬಂದದ್ದು ನೋಡಿ, "ಏನು, ಮೆಶೀನಿಗೆ ಗಂಟಲು ಕಟ್ಟಿತಾ?" ಎಂದರು. ಗಿಣಿ ನಡೆದದ್ದನ್ನು ಹೇಳಿದಳು. ಕೆಲಸದ ಬಗ್ಗೆ, ಪಾಳಿಯ ಬಗ್ಗೆ ಅತ್ತೆ ಏನೂ ಕೇಳಲಿಲ್ಲ.

"ಆ ಹೆಂಗಸಿಗೆ ಎಷ್ಟು ವಯಸ್ಸು?"

"ಗೊತ್ತಿಲ್ಲ ಅತ್ತೆ."

"ಎರಡು ಬಟ್ಟಲು ಕುಡಿದಳಾ? ಪಾಪ, ಹಸಿವಾಗಿತ್ತೇನೋ. ನಮಗ್ಯಾರಿಗೂ ಅಷ್ಟು ಹಸಿವಾಗೋದೇ ಇಲ್ಲ." ಅವರು ಬೆಳ್ಳುಳ್ಳಿಯನ್ನು ಪಕ್ಕಕ್ಕೆ ಸರಿಸಿದರು. "ಫೋನ್ ಹತ್ತಿರ ಇಟ್ಕೊ."

ಗಂಡ ಕೆಲಸದಿಂದ ಬಂದ, ವಿಷಯ ತಿಳಿದು ಕೈಕಾಲು ತೊಳೆದ. ಅನ್ನ ಬೆಂದಿತು, ಯಾರೂ ಬಡಿಸಿಕೊಳ್ಳಲಿಲ್ಲ. ಒಮ್ಮೆ ಫೋನು ಹೊಡೆದುಕೊಂಡಿತು. ಸಾಲ ಬೇಕೇ ಎಂದು ಕೇಳುವವರು. ಗಂಡ ಅವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾಗದು. ಕಿಟಕಿಯಾಚೆ ಬೀದಿದೀಪ ಹತ್ತಿಕೊಳ್ಳುವ ಹೊತ್ತಿಗೆ ಮೆಲ್ಲಣ್ಣನ ಫೋನು ಬಂತು.

"ತಂಗಿ, ಇಳಿದಿದೆಯಂತೆ. ಗಾಬರಿ ಇಲ್ಲ ಅಂದರು ಡಾಕ್ಟರು. ಆಯಮ್ಮ ಎದ್ದು ಕೂತು ನನಗೆ ಬೈದರು. ಕೇಳಿ ಕಿತ್ಕೊಳ್ಳಬಾರದಿತ್ತಾ, ಸೀರೆ ಮೇಲೆಲ್ಲ ಸೂಪು ಚೆಲ್ಲಿದೆ ಅಂತ. ಬೈಯೋಕೆ ಅಷ್ಟು ಶಕ್ತಿ ಇದೆ ಅಂದಮೇಲೆ ನಾನು ಹೊರಟೆ."

ಗಿಣಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅತ್ತೆ ಮಂಚದಿಂದಲೇ ಕೂಗಿದರು: "ಬದುಕಿದಳಾ? ಹಾಗಾದರೆ ಅನ್ನ ಹಾಕು."

ವಿಚಾರಣೆ ಆ ವಾರವೇ ಆಯಿತು. ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದರು. ಹೀಗೆ ನೋಡದೆ ಅಂಕಿ ಹೇಳಿದ್ದು ಎಷ್ಟು ಸಲ ಎಂದು ಕೇಳಿದರು. "ನೋಡಿ ಹೇಳಿದ್ದು ಎಷ್ಟು ಸಲ ಅಂತ ಕೇಳಿ ಸರ್, ಅದಾದರೆ ಲೆಕ್ಕ ಸಿಗಬಹುದು," ಎಂದಳು ಗಿಣಿ. ಬೇರೆ ಯಾರು ಯಾರು ಹಾಗೆ ಮಾಡುತ್ತಾರೆ ಎಂಬ ಪ್ರಶ್ನೆಗೆ, ತಾನು ಕೆಲಸ ಮಾಡುವಾಗ ಬೇರೆಯವರ ಬಾಯಿ ನೋಡುತ್ತಿರಲಿಲ್ಲ ಎಂದಳು. ಬಾಗಿಲ ಬಳಿ ಕೂತಿದ್ದ ಸೂಪರ್‌ವೈಸರ್ ಆಗ ಎದ್ದು ನಿಂತು, ತನಗೆ ಮೊದಲಿನಿಂದಲೂ ಗೊತ್ತಿತ್ತು ಎಂದರು. ಅದನ್ನು ಹೇಳಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಕೆಲಸ ಹೋಗಲಿಲ್ಲ. ಬೆಳಗಿನ ಪಾಳಿ ಹೋಯಿತು. ಗಿಣಿ ಈಗ ಮಧ್ಯಾಹ್ನದ ಪಾಳಿಯಲ್ಲಿ, ಅಡುಗೆಮನೆಗಳಿಂದ ವಾಪಸು ಬರುವ ಸಾಮಾನು ಬಿಚ್ಚಿ ನೋಡುವ ವಿಭಾಗದಲ್ಲಿದ್ದಾಳೆ. ಗೋದಾಮಿನ ಎಲ್ಲ ಫಲಕಗಳ ಅಂಕಿಯನ್ನೂ ಬದಲಿಸಿದರು, ಇನ್ನು ಮುಂದೆ ತಿಂಗಳಿಗೊಮ್ಮೆ ಬದಲಿಸುತ್ತಾರಂತೆ. ಹಳಬರೆಲ್ಲ ಹೊಸಬರಷ್ಟು ನಿಧಾನವಾದರು. ಕೆಲವರು ಚಹಾದ ಹೊತ್ತಿನಲ್ಲಿ ಆಕೆಯ ಪಕ್ಕ ಕೂರುವುದನ್ನು ಬಿಟ್ಟರು. "ನಿನ್ನ ದಯೆಯಿಂದ ನಾವೆಲ್ಲ ಮತ್ತೆ ಒಂದನೇ ಕ್ಲಾಸು," ಎಂದು ಒಬ್ಬಳು ಮುಖಕ್ಕೇ ಹೇಳಿದಳು.

ಡಯಾಲಿಸಿಸ್‌ಗೆ ಈಗ ಅತ್ತೆಯನ್ನು ಕರೆದೊಯ್ಯುವುದು ಗಂಡ. ಅದಕ್ಕಾಗಿ ಡಿಪೊದಲ್ಲಿ ಯಾರಿಗೂ ಬೇಡವಾದ ರಾತ್ರಿಪಾಳಿ ಕೇಳಿ ತೆಗೆದುಕೊಂಡಿದ್ದಾನೆ. ಗಂಡ ಹೆಂಡತಿ ಇಬ್ಬರೂ ಎಚ್ಚರವಿದ್ದು ಒಬ್ಬರನ್ನೊಬ್ಬರು ನೋಡುವುದು ಆಕೆ ಒಳಬಂದು ಅವನು ಹೊರಡುವ ಬಾಗಿಲಲ್ಲಿ. ರಾತ್ರಿಪಾಳಿ ಶುರುವಾದ ಎಂಟೇ ದಿನಕ್ಕೆ ಅವನು ಇಳಿದುಹೋದ ಎಂದು ಅತ್ತೆಗೆ ಚಿಂತೆ. ಅದನ್ನು ಅವರು ಚಿಂತೆಯಂತೆ ಹೇಳುವವರಲ್ಲ.

"ನೀನೇ ವಾಸಿ ಇದ್ದೆ," ಎಂದರು ಒಂದು ಬೆಳಿಗ್ಗೆ, ಸೊಸೆ ತಲೆ ಬಾಚಿಕೊಳ್ಳುತ್ತಿದ್ದಾಗ. "ಇವನು ಪಕ್ಕದಲ್ಲಿ ಕೂತ ಅಂದರೆ ನಿದ್ದೆ. ಗೊರಕೆ ಹೊಡೆದರೆ ಆ ಮೆಶೀನಿನ ಸದ್ದೇ ಕೇಳಿಸಲ್ಲ. ನಿನ್ನೆ ನರ್ಸು ಬಂದು ಯಾರಿಗಮ್ಮ ಡಯಾಲಿಸಿಸ್ ಅಂತ ಕೇಳಿದಳು."

"ಏನಂದಿರಿ?"

"ಅವನನ್ನ ಎಬ್ಬಿಸಬೇಡ, ಸೂಜಿ ನನಗೇ ಚುಚ್ಚು ಅಂದೆ."